ನಾನು ಓದಿದ ಒಂಬತ್ತನೆಯ ಇಯತ್ತೆ

ಹೈದರಾಬಾದಿನಲ್ಲೇ ಹುಟ್ಟಿ ಇಲ್ಲಿನ ಧೂಳು ಕುಡಿದು ಬೆಳೆದ ನನ್ನನ್ನು ‘ನಾನ್-ಲೋಕಲ್’ ಅಂದ ಆ ಮೇಡಂ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಮ್ಮಪ್ಪ ಬೂದೆಪ್ಪ ಗೌಂಡಿ ಕೆಲಸದವನು. ಅವ್ವ ಪಾರ್ವತೆಮ್ಮ ಉಸುಕಿನ ಬುಟ್ಟಿ ಹೊರುತ್ತಾಳೆ. ಇಬ್ಬರೂ ಯಾದಗಿರಿ ಕಡೆಯಿಂದ ದುಡಿಯಲು ಬಂದವರು. ಕೊಂಡಾಪುರದಲ್ಲಿ ಐಟಿ ಮಂದಿ ಬಾಲ್ಕನಿಗೆ ಬಂದು ಚಹಾ ಕುಡಿಯುವ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಸಿಮೆಂಟು ಮೆತ್ತಿ ಗಿಲಾವು ಮಾಡಿದ್ದು ನಮ್ಮಪ್ಪ. ಕಟ್ಟಡ ಮುಗಿದ ಮರುದಿನ ವಾಚ್‌ಮನ್ ಅವನನ್ನು ಗೇಟಿನೊಳಗೆ ಬಿಡುವುದಿಲ್ಲ, ಆ ಮಾತು ಬೇರೆ.

ಸೈಟಿನ ಶೆಡ್ಡುಗಳಲ್ಲಿರುವ ನಮ್ಮ ಮಂದಿಯಲ್ಲಿ ಒಂದು ರೂಢಿ ಇದೆ. ಹುಡುಗಿ ದೊಡ್ಡವಳಾದಳೆಂದರೆ ಊರಿಗೆ ಕಳಿಸಿ ಅಜ್ಜಿಯ ಹತ್ತಿರ ಬಿಡುತ್ತಾರೆ. ನನ್ನನ್ನೂ ಬಿಟ್ಟರು. ಒಂಬತ್ತನೆಯ ಇಯತ್ತೆಯನ್ನು ಅಜ್ಜಿಯ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದೆ. ಹಾಗೆ ಹೋದ ಹುಡುಗಿಯರು ಅಲ್ಲೇ ಮದುವೆಯಾಗಿ ಉಳಿಯುತ್ತಾರೆ. ನಾನು ಊಟ ಬಿಟ್ಟು, ಹಟ ಹಿಡಿದು, ಹತ್ತಕ್ಕೆ ಹೈದರಾಬಾದಿಗೆ ವಾಪಸು ಬಂದೆ. ಇಂಟರ್, ಅಂದರೆ ಪಿಯುಸಿ, ಮುಗಿಸಿದೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಲ್ಲಿ ಬಂದ ರ‍್ಯಾಂಕಿಗೆ ಸರ್ಕಾರಿ ವಿಶ್ವವಿದ್ಯಾಲಯದ ಸೀಟು ಸಿಗುತ್ತಿತ್ತು, ಲೋಕಲ್ ಆಗಿದ್ದರೆ.

ಕೌನ್ಸೆಲಿಂಗ್ ಹಾಲ್‌ನಲ್ಲಿ ಸರ್ಟಿಫಿಕೇಟು ನೋಡುವ ಮೇಡಂ ನನ್ನ ಕಾಗದಗಳನ್ನು ತಿರುವಿ, ತೆಲುಗಿನಲ್ಲಿ ಹೇಳಿದಳು. “ಒಂಬತ್ತರಿಂದ ಇಂಟರ್‌ವರೆಗೆ ಬಿಡದೆ ಇಲ್ಲೇ ಓದಿರಬೇಕು. ನೀನು ಒಂಬತ್ತು ಕರ್ನಾಟಕದಲ್ಲಿ ಓದಿದ್ದೀಯ. ನೀನು ನಾನ್-ಲೋಕಲ್. ಅಲ್ಲೇ ಸೀಟು ಕೇಳು.”

“ಅಲ್ಲಿ ಏಳು ವರ್ಷ ಓದಿರಬೇಕಂತೆ ಮೇಡಂ. ನಾನು ಓದಿದ್ದು ಒಂದೇ ವರ್ಷ.”

“ಹಾಗಾದರೆ ಆ ವರ್ಷ ಯಾಕೆ ಹೋದೆ?”

ಅಪ್ಪ ಕೈಮುಗಿದುಕೊಂಡೇ ನಿಂತಿದ್ದ. ಅಜ್ಜಿಗೆ ಆರಾಮ ಇರಲಿಲ್ಲ ಎಂದು ತನ್ನ ಹರಕು ತೆಲುಗಿನಲ್ಲಿ ಸುಳ್ಳು ಹೇಳಿದ. ನನಗೆ ತಡೆಯಲಾಗಲಿಲ್ಲ.

“ಅಜ್ಜಿ ಗಟ್ಟಿಮುಟ್ಟಾಗಿದ್ದಳು ಮೇಡಂ. ನಮ್ಮ ಶೆಡ್ಡಿಗೆ ಬಾಗಿಲಿರಲಿಲ್ಲ. ವಯಸ್ಸಿಗೆ ಬಂದ ಹುಡುಗಿ ಸ್ನಾನ ಮಾಡಲಿಕ್ಕೆ ಒಂದು ಮರೆ ಇರಲಿಲ್ಲ. ಅದಕ್ಕೇ ಹೋದೆ.”

ಅಪ್ಪ ತಲೆ ತಗ್ಗಿಸಿದ. ಅವನಿಗೆ ನಾಚಿಕೆ, ನನಗೆ ಸಿಟ್ಟು.

ಮೇಡಂ ಕೆಟ್ಟವಳೇನಲ್ಲ. ದನಿ ತಗ್ಗಿಸಿ ದಾರಿ ತೋರಿಸಿದಳು. “ಈ ಒಂಬತ್ತರ ಕಾಗದ ತೆಗೆದುಬಿಡು. ಆ ವರ್ಷ ನೀನು ಶಾಲೆಗೇ ಹೋಗಿಲ್ಲ, ಅಪ್ಪನ ಜೊತೆ ಇಲ್ಲೇ ಇದ್ದೆ ಅಂತ ಹೇಳು. ತಹಶೀಲ್ದಾರರಿಂದ ವಾಸದ ಪತ್ರ ತಾ. ಓದದೆ ಇಲ್ಲೇ ಇದ್ದವರನ್ನು ಲೋಕಲ್ ಅಂತ ಹಿಡಿಯಬಹುದು.”

ಅಂದರೆ ಓದಿದ್ದೇ ನನ್ನ ತಪ್ಪು! ಶಾಲೆ ಬಿಟ್ಟು ಅವ್ವನ ಜೊತೆ ಬುಟ್ಟಿ ಹೊತ್ತಿದ್ದರೆ ನಾನು ಈ ರಾಜ್ಯದವಳು. ಕಲಿಯಲಿಕ್ಕೆ ಹೋದದ್ದಕ್ಕೆ ಹೊರಗಿನವಳು.

ಅಪ್ಪ ನನ್ನ ಮೊಣಕೈ ಹಿಡಿದ. “ಹೂಂ ಅನ್ನವ್ವಾ. ಒಂದ್ ಮಾತಿನಾಗ ಕೆಲಸ ಆಕ್ಕತಿ.”

“ಯಪ್ಪಾ, ಮನ್ಯಾಗ ಆಡೂ ಮಾತು ಬರಿಯಾಕ ಕಲತದ್ದು ಅದs ವರ್ಷ. ನೀ ಊರಿಗೆ ಹಾಕೂ ಕಾಗದ ಬರದು ಕೊಡಾಕಿ ನಾನs. ಓದಿಲ್ಲ ಅಂತ ಹ್ಯಾಂಗ ಹೇಳ್ಲಿ?”

“ಸೀಟು ಹೊಕ್ಕೈತಿ.”

“ಹೋಗಲಿ.”

ಅಪ್ಪ ನನ್ನ ಮೊಣಕೈ ಬಿಟ್ಟ. ಈ ಸಲ ಕೈಮುಗಿಯದೆ ಮೇಡಂ ಕಡೆ ತಿರುಗಿದ. ತೆಲುಗು ಬಾಯಿಗೆ ಬರಲಿಲ್ಲವೋ, ಬೇಡವೆನಿಸಿತೋ, ನಮ್ಮ ಮಾತಿನಲ್ಲೇ ಶುರುಮಾಡಿದ.

“ಆಕಿ ಓದ್ಯಾಳ್ರಿ ಮೇಡಮ್ಮರ. ನಮ್ಮ ಮನಿತನದಾಗ ಮೊದಲ ಓದಿದಾಕಿ. ಅದನ್ನ ಅಳಸಾಕ ನನ್ನ ಕೈಲೆ ಆಗಂಗಿಲ್ಲ. ನಿಮ್ಮ ಬಿಲ್ಡಿಂಗ್ ಕಟ್ಟುಮುಂದ ನೀವು ಎಲ್ಲ್ಯಾವ್ರು ಅಂತ ಒಬ್ಬರೂ ಕೇಳಲಿಲ್ಲ. ಈಗ ಕೇಳಾಕತ್ತೀರಿ. ಹೊರಗಿನಾಕಿ ಅಂತ ಬರದs ಕೊಡ್ರಿ. ಯಾಕ ಅನ್ನೂದನ್ನೂ ಬರೀರಿ. ಮ್ಯಾಲಿನವ್ರ ಮುಂದ ಹಿಡದು ಕೇಳ್ತೀವಿ.”

ಮೇಡಂ ನನ್ನತ್ತ ನೋಡಿದಳು. “ನಿಮ್ಮಪ್ಪ ಏನಂತಾನೆ?”

ನಾನು ಒಂದು ಮಾತನ್ನೂ ಬಿಡದೆ ಎಲ್ಲವನ್ನೂ ತೆಲುಗಿನಲ್ಲಿ, ಹಾಲ್‌ನ ಕೊನೆಯ ಸಾಲಿನವರಿಗೂ ಕೇಳುವಂತೆ ಹೇಳಿದೆ.