ಕೆಮ್ಮುವ ಎಂಜಿನ್ನುಗಳ ಸುಲೋಚನಮ್ಮ

ಏರು ಹತ್ತುತ್ತಿದ್ದ ಮೊಪೆಡ್ಡೊಂದು ತಿರುವಿನಲ್ಲಿ ಕೆಮ್ಮಿತು. ಎರಡು ಸಲ ಕೆಮ್ಮಿ, ಒಮ್ಮೆ ಬಿಕ್ಕಿ, ಮತ್ತೆ ಸಾವರಿಸಿಕೊಂಡಿತು. ಅಷ್ಟು ಸಾಕಿತ್ತು. ನನ್ನ ಕೈಗೆ ಕೊಡಲೆಂದು ಚಾಚಿದ್ದ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಆಡುತ್ತಿದ್ದ ಮಾತಿನ ಅರ್ಧವನ್ನು ಬಾಯಲ್ಲೇ ಉಳಿಸಿಕೊಂಡು, ಸುಲೋಚನಮ್ಮ ಅಂಗಳ ದಾಟಿ ರಸ್ತೆಗೆ ಇಳಿದೇಬಿಟ್ಟರು.

"ನಿಲ್ಸಿ ಮಾರಾಯ್ರೆ. ಎಷ್ಟು ದಿನದಿಂದ ಕೆಮ್ತಿದೆ ಇದು?"

"ಕೆಮ್ಮಾ? ಓಡ್ತಾ ಇದ್ಯಲ್ಲ ಅಮ್ಮ!"

"ಎದೇಲಿ ಕಫ ಇದ್ರೂ ನೀವು ಓಡಲ್ವಾ? ಇಳೀರಿ ಕೆಳಗೆ."

ಕೊಪ್ಪದ ಆ ತಿರುವಿನಲ್ಲಿ ಹೀಗೆ ಇಳಿದವರು ಎಷ್ಟು ಜನವೋ. ಎದುರು ಮನೆಯವನಾದ ನಾನೂ ಒಮ್ಮೆ ಸ್ಕೂಟರಿನಿಂದ ಇಳಿದವನೇ.

ಮೂವತ್ತು ವರ್ಷ ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದು, ಎರಡು ಸಾವಿರದ ಒಂದರಲ್ಲಿ ನಿವೃತ್ತರಾದ ಸುಲೋಚನಮ್ಮ, ಅಲ್ಲಿಂದ ಮನೆಗೆ ತಂದದ್ದು ಎರಡೇ: ಒಂದು ಬಿಳಿಯ ಕೋಟು, ಇನ್ನೊಂದು ನಡಿಗೆ. ಸೀರೆಯ ಮೇಲೆ ತೊಡುತ್ತಿದ್ದ ಆ ಕೋಟು ಒಗೆದು ಒಗೆದು ಬೂದಿಬಣ್ಣಕ್ಕೆ ತಿರುಗಿತ್ತು. ಅಯೋಡಿನ್ ಚೆಲ್ಲಿದ ಕಂದು ಕಲೆಯೊಂದು ಮಾತ್ರ ಜೇಬಿನ ಮೇಲೆ ಹಟ ಹಿಡಿದು ಕೂತಿತ್ತು. ಇನ್ನು ನಡಿಗೆಯೆಂದರೆ, ತುಂಬಿದ ಗಾಜಿನ ಪಾತ್ರೆ ಹಿಡಿದವರ ನಡಿಗೆ: ಪಾದಗಳು ಬಿರಬಿರನೆ ಹೋಗುತ್ತಿದ್ದರೂ ಭುಜಗಳು ಅಲುಗುತ್ತಿರಲಿಲ್ಲ. ಬರಿಗೈಯಲ್ಲಿ ತರಕಾರಿ ಅಂಗಡಿಗೆ ಹೊರಟಾಗಲೂ ಅವರು ಏನನ್ನೋ ಚೆಲ್ಲದಂತೆ ಒಯ್ಯುತ್ತಿದ್ದಾರೆ ಎನಿಸುತ್ತಿತ್ತು.

ಪೆಟ್ರೋಲು ಗಾಳಿಯೊಡನೆ ಬೆರೆತು ಎಂಜಿನ್ನಿಗೆ ಉಸಿರಾಗುವ ಜಾಗ ಕಾರ್ಬುರೇಟರ್. ಅಂಗೈಯಗಲದ ಆ ಲೋಹದ ಗೂಡನ್ನು ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸುವುದು ಅವರ ಅಡುಗೆಮನೆಯ ಪಕ್ಕದ ಜಗಲಿಯಲ್ಲಿ ನಡೆಯುತ್ತಿದ್ದ ಕೆಲಸ. ಕಾಲೇಜಿನ ಜನರೇಟರ್ ಕೈಕೊಟ್ಟ ಒಂದು ದಿನ, ಮೆಕ್ಯಾನಿಕ್ ಸಿಗದೆ, ಪಿಪೆಟ್ ತೊಳೆಯುವ ಕೈಯಿಂದಲೇ ಅದರ ಕಾರ್ಬುರೇಟರನ್ನೂ ತೊಳೆದಿಟ್ಟಲ್ಲಿಂದ ಇದು ಶುರುವಾಯಿತಂತೆ. ಬರಬರುತ್ತ ಶೃಂಗೇರಿ, ಕಿಗ್ಗದ ಕಡೆಯಿಂದಲೂ ಕಳೆ ಕೊಚ್ಚುವ ಯಂತ್ರದ್ದು, ಪಂಪಿನದ್ದು, ಗರಗಸದ್ದು ಎಂದು ಬಸ್ ಕಂಡಕ್ಟರುಗಳ ಕೈಯಲ್ಲಿ ಪೊಟ್ಟಣಗಳು ಬರುತ್ತಿದ್ದವು. ಒಂದು ಸ್ಟೀಲ್ ಹರಿವಾಣ, ಅದರಲ್ಲಿ ಎಂಟು ಬಟ್ಟಲು, ಬಿಚ್ಚಿದ ಕ್ರಮದಲ್ಲೇ ಬಿಡಿಭಾಗಗಳು. ಹಿತ್ತಾಳೆಯದಕ್ಕೆ ಹುಣಸೆಹಣ್ಣಿನ ನೀರು; ಬೂದುಲೋಹದ ಮೈಗೆ ಅದರ ಹನಿಯೂ ತಾಕಬಾರದು, ಕಪ್ಪಾಗುತ್ತದೆ. ಪೆಟ್ರೋಲು ಹಾಯುವ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡಿನ ರಂಧ್ರ ಸಾಸಿವೆಗಿಂತ ಕಿರಿದು. ಅದರೊಳಗೆ ಮೀನುಗಾಳದ ನೈಲಾನ್ ದಾರವನ್ನು ತೂರಿಸಿ, ಸೈಕಲ್ ಪಂಪಿನಿಂದ ಗಾಳಿ ಊದಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದರು. ಕೋಟಿನ ಕಾಲರಿಗೆ ಯಾವಾಗಲೂ ಒಂದು ಪಿನ್ನು ಸಿಕ್ಕಿಸಿರುತ್ತಿತ್ತಾದರೂ ಅದನ್ನು ಜೆಟ್ಟಿನ ಹತ್ತಿರ ತಂದದ್ದನ್ನು ನಾನು ಕಾಣೆ.

"ಪಿನ್ನು ಹಾಕಿದ್ರೆ ರಂಧ್ರ ದೊಡ್ಡದಾಗತ್ತೆ. ಆಮೇಲೆ ಎಂಜಿನ್ನು ಕುಡುಕನ ಹಾಗೆ ಕುಡಿಯತ್ತೆ. ಪಿನ್ನು ಹಾಕಿದವ್ನ ಕೈಗೆ ಇನ್ನೊಂದ್ಸಲ ಎಂಜಿನ್ ಕೊಡ್ಬೇಡಿ" ಎನ್ನುವುದು ಅವರು ಎಲ್ಲರಿಗೂ ಹೇಳಿ ಕಳಿಸುತ್ತಿದ್ದ ಮಾತು.

ಎರಡು ಸಾವಿರದ ಐದರ ಆಗಸ್ಟಿನಲ್ಲಿ ನರಸಿಂಹರಾಜಪುರದಿಂದ ಅಬ್ದುಲ್ ಸಲಾಂ ಎಂಬವರು ಬಂದರು. ಭದ್ರಾ ಹಿನ್ನೀರಿನಲ್ಲಿ ಹುಟ್ಟು ಹಾಕಿ ಜನರನ್ನು ದಾಟಿಸುತ್ತಿದ್ದವರು; ಹಳೆಯ ಎಂಜಿನ್ನೊಂದನ್ನು ಕೊಂಡು ದೋಣಿಗೆ ಕೂರಿಸಿದ್ದರು. ಅದು ಹತ್ತು ನಿಮಿಷ ಚೆನ್ನಾಗಿ ಓಡಿ ನಡುನೀರಿನಲ್ಲಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಹೊರಡುತ್ತಿತ್ತು. ಇಬ್ಬರು ಮೆಕ್ಯಾನಿಕ್‌ಗಳು ಜೆಟ್ಟಿಗೆ ತಂತಿ ಚುಚ್ಚಿ, ರೋಗದ ಜೊತೆಗೆ ಕಪ್ಪು ಹೊಗೆಯನ್ನೂ ಸೇರಿಸಿ ಕಳಿಸಿದ್ದರು. ಬರುವ ಸೋಮವಾರ ಅಧಿಕಾರಿಯೊಬ್ಬರ ಎದುರು ದೋಣಿ ಮೂರು ಸಲ ನಿಲ್ಲದೆ ಆಚೆ ದಡ ಮುಟ್ಟಿ ಬರಬೇಕು. ಬಂದರೆ ಜನರನ್ನು ದಾಟಿಸುವ ಆ ಕಡವಿನ ಪರವಾನಗಿ ಸಲಾಮರದು. ಇಲ್ಲವಾದರೆ ತಂದೆಯ ಕಾಲದಿಂದ ಹುಟ್ಟು ಹಾಕಿದ ನೀರನ್ನು ಬೇರೊಬ್ಬನಿಗೆ ಬಿಟ್ಟುಕೊಡಬೇಕು.

"ಅಕ್ಕ, ಇದೊಂದು ಉಳಿಸಿಕೊಡಿ" ಎಂದು ಅವರು ಕಾರ್ಬುರೇಟರನ್ನು ಕರವಸ್ತ್ರ ಬಿಚ್ಚಿ ಮುಂದಿಟ್ಟರು.

ಸುಲೋಚನಮ್ಮ ನಾಲ್ಕು ದಿನ ಅದರೊಡನೆ ಕೂತರು. ಸತ್ತ ಕಾರ್ಬುರೇಟರುಗಳ ಡಬ್ಬಿಯಿಂದ ಸರಿಯಳತೆಯ ಜೆಟ್ಟೊಂದನ್ನು ಹುಡುಕಿ ತೊಡಿಸಿದರು. ಸೋಮವಾರ ಬೆಳಗಿನ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಹೊರಟರು. ಹರಿವಾಣ ಹಿಡಿದು ನಾನೂ ಹೋದೆ. ದಡದಲ್ಲಿ ಅದನ್ನು ಕೂರಿಸಿದ್ದೇ, ಎಂಜಿನ್ನು ಮೊದಲ ಎಳೆತಕ್ಕೇ ಎದ್ದಿತು. ಹೊಗೆಯಿಲ್ಲ. ಸಲಾಂ, ಅವರ ಹೆಂಡತಿ ಮುಮ್ತಾಜ್, ನಾವಿಬ್ಬರು, ಹೀಗೆ ನಾಲ್ವರೂ ಅಧಿಕಾರಿ ಬರುವ ಮೊದಲು ಒಂದು ಸುತ್ತು ನೋಡೋಣವೆಂದು ಹೊರಟೆವು. ಹಿನ್ನೀರು ಮಳೆಗೆ ತುಂಬಿ, ಮುಳುಗಿದ ಮರಗಳ ತುದಿಗಳು ಅಲ್ಲಲ್ಲಿ ತಲೆ ಹಾಕಿದ್ದವು. ಹತ್ತು ನಿಮಿಷವಾಯಿತು. ಎಂಜಿನ್ನು ಕೆಮ್ಮಿತು, ಬಿಕ್ಕಿತು, ನಿಂತಿತು.

ದಡದಲ್ಲಿ ಆಗಲೇ ಅಧಿಕಾರಿಯ ಸ್ಕೂಟರ್ ಬಂದು ನಿಂತದ್ದು ಕಾಣುತ್ತಿತ್ತು. ಸಲಾಂ ಮುಖವನ್ನು ಅಂಗೈಗಳಲ್ಲಿ ಮುಚ್ಚಿಕೊಂಡರು.

"ಹುಟ್ಟು ತೆಗೀರಿ, ಹೋಗೋಣ" ಎಂದರು ಮುಮ್ತಾಜ್, ಮೆಲ್ಲಗೆ.

"ಯಾರೂ ಅಲುಗಬೇಡಿ" ಎಂದರು ಸುಲೋಚನಮ್ಮ. "ನನ್ನ ಕೆಲಸ ಸರಿ ಇದೆ. ಅಂದ್ಮೇಲೆ ತಪ್ಪು ಬೇರೆ ಕಡೆ ಇದೆ."

ಇದನ್ನು ಅವರು ಜಂಬದಿಂದ ಹೇಳಲಿಲ್ಲ; ದ್ರಾವಣದ ಬಣ್ಣ ನೋಡಿ ಹೇಳುವಂತೆ ಹೇಳಿದರು. ಕಾರ್ಬುರೇಟರಿನಿಂದ ಕೊಳವೆಯ ಮೇಲೆ ಬೆರಳಾಡಿಸುತ್ತ ಪೆಟ್ರೋಲ್ ಟ್ಯಾಂಕಿನ ತನಕ ಬಂದರು. ಅದರ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಚೀಲವೊಂದನ್ನು, ಅಂದರೆ ನಮ್ಮ ಕೊಟ್ಟೆಯನ್ನು, ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿತ್ತು. ನಾವೆಲ್ಲರೂ ಅದನ್ನು ನೋಡಿದ್ದೆವು, ಯಾರಿಗೂ ಕಂಡಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಕೊಟ್ಟೆ ಕಟ್ಟದ ವಸ್ತುವೇ ಇಲ್ಲವಲ್ಲ, ತಲೆಗೆ, ಸೀಟಿಗೆ, ಸ್ವಿಚ್ಚಿಗೆ, ರೇಡಿಯೋಗೆ. ಆದರೆ ಈ ಕೊಟ್ಟೆ ಹಲ್ಲಿಲ್ಲದ ಅಜ್ಜಿಯ ಕೆನ್ನೆಯಂತೆ ಒಳಗೆ ಹೀರಿಕೊಂಡು ಗುಳಿಬಿದ್ದಿತ್ತು.

ಸುಲೋಚನಮ್ಮ ಬಗ್ಗಿ ಕಿವಿಯಿಟ್ಟರು. ಆಮೇಲೆ, ಯಾವ ಜೆಟ್ಟಿಗೂ ಎಂದೂ ಹಾಕದಿದ್ದ ಆ ಪಿನ್ನನ್ನು ಕಾಲರಿನಿಂದ ಕಿತ್ತು, ಕೊಟ್ಟೆಗೆ ಚುಚ್ಚಿದರು. ಸ್ಸ್‌ಸ್ ಎಂದು ಟ್ಯಾಂಕು ಉದ್ದಕ್ಕೆ ಉಸಿರೆಳೆದುಕೊಂಡಿತು.

"ಮುಚ್ಚಳದಲ್ಲಿ ಗಾಳಿಗೆ ಅಂತ ಒಂದು ಕಿಂಡಿ ಇರತ್ತೆ ಸಲಾಮಣ್ಣ. ಅದನ್ನೇ ಕಟ್ಟಿಬಿಟ್ಟಿದೀರಿ. ಪೆಟ್ರೋಲು ಖಾಲಿಯಾದ ಜಾಗಕ್ಕೆ ಗಾಳಿ ಬರ್ಲಿಲ್ಲ ಅಂದ್ರೆ ಕೆಳಗೆ ಹೇಗೆ ಇಳೀತದೆ ಅದು?"

"ಮಳೆನೀರು ಹೋಗ್ಬಾರ್ದು ಅಂತ..." ಸಲಾಮರ ದನಿ ಕುಗ್ಗಿತು.

"ಎಷ್ಟು ಬಿಗಿಯಾಗಿ ಕಟ್ಟಿದೀನಿ ನೋಡು ಅಂತ ನಂಗೆ ಬೇರೆ ತೋರ್ಸಿದ್ರಲ್ಲ!" ಎಂದರು ಮುಮ್ತಾಜ್. "ಆ ಕೊಟ್ಟೆ ಬಿಚ್ಚಿ ನಿಮ್ಮ ಬಾಯಿಗೆ ಕಟ್ಬೇಕು."

ಕೊಟ್ಟೆ ಬಿಚ್ಚಿ, ಗಾಳಿಯಾಡುವಂತೆ ಕಿಂಡಿಯ ಮೇಲೆ ಎತ್ತರಿಸಿ, ನೀರು ಮೊಗೆಯಲು ದೋಣಿಯಲ್ಲಿಟ್ಟಿದ್ದ ತೆಂಗಿನ ಚಿಪ್ಪನ್ನು ಕೊಡೆಯಂತೆ ಕಟ್ಟಿದರು. ಒಂದೇ ಎಳೆತ, ಎಂಜಿನ್ನು ಎದ್ದಿತು. ಅಧಿಕಾರಿಯನ್ನು ಕೂರಿಸಿಕೊಂಡು ಆ ದೋಣಿ ಅಂದು ಹಿನ್ನೀರನ್ನು ಮೂರು ಸಲವಲ್ಲ, ನಾಲ್ಕು ಸಲ ದಾಟಿತು. ನಾಲ್ಕನೆಯದು ಸಲಾಮರ ಸಂತೋಷಕ್ಕೆ. ದಡದಲ್ಲಿ ಕಾಗದದ ಮೇಲೆ ಸಹಿ ಬೀಳುವಾಗ ಮುಮ್ತಾಜ್ ಸೆರಗಿನಿಂದ ಕಣ್ಣೊರೆಸಿಕೊಂಡರು, ಸಲಾಂ ಎಂಜಿನ್ನನ್ನು ಕರುವಿನಂತೆ ಸವರುತ್ತ ನಿಂತರು.

ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅವರಿಗೆ ಗೆಲುವು ಎಂದರೆ ಹೊಗಳಿಕೆಯಲ್ಲ, ಕೆಟ್ಟ ಸದ್ದು ನಿಂತು ಒಳ್ಳೆಯ ಸದ್ದು ಶುರುವಾದ ಆ ಒಂದು ಗಳಿಗೆ. ನಾವು ಅವರನ್ನು ಹಾರ ಹಿಡಿದು ಹುಡುಕುವ ಹೊತ್ತಿಗೆ ಅವರ ಕಿವಿ ಮುಂದಿನ ರೋಗಿಯ ಬಳಿ ಹೋಗಿರುತ್ತದೆ. ಅವರನ್ನು ಸನ್ಮಾನಿಸುವುದು ಕಷ್ಟ, ಅವರಿಲ್ಲದೆ ಬದುಕುವುದು ಇನ್ನೂ ಕಷ್ಟ.

"ಅಮ್ಮ, ನಿಮ್ಮ ಹೆಸರು, ವಿಳಾಸ ಕೊಡಿ" ಎಂದು ಅಧಿಕಾರಿ ಪೆನ್ನು ಹಿಡಿದರು. "ಇಂಥ ಕೆಲಸ ಮಾಡೋರು ನಮಗೂ ಬೇಕು. ಇದನ್ನೆಲ್ಲ ಎಲ್ಲಿ ಕಲಿತ್ರಿ?"

"ಕಲಿಯೋದು ಎಂತ ಸಾರ್, ಕಾಲೇಜಲ್ಲಿ ಒಂದು ದಿನ ಜನರೇಟ್ರು..." ಎಂದು ಸುಲೋಚನಮ್ಮ ಶುರುಮಾಡಿದರು. ಅಷ್ಟರಲ್ಲಿ ಮೇಲೆ ರಸ್ತೆಯಂಚಿನಲ್ಲಿ ಅಧಿಕಾರಿಯ ಜೊತೆ ಬಂದಿದ್ದ ಜವಾನ ಅವರ ಸ್ಕೂಟರಿಗೆ ಕಿಕ್ ಹೊಡೆದ. ಅದು ಎರಡು ಸಲ ಕೆಮ್ಮಿತು. ಮಾತಿನ ಅರ್ಧವನ್ನು ಅಧಿಕಾರಿಯ ಪೆನ್ನಿನ ಮುಂದೆಯೇ ಬಿಟ್ಟು, ಭುಜ ಅಲುಗಿಸದೆ, ಏನನ್ನೂ ಚೆಲ್ಲದೆ, ಸುಲೋಚನಮ್ಮ ಬಿರಬಿರನೆ ದಡ ಹತ್ತಿ ಹೊರಟುಬಿಟ್ಟರು.