ಮುಚ್ಚಳದೊಳಗಿನ ಕುಂಕುಮ

ಎಣ್ಣೆಯಲ್ಲಿ ನೆನೆದ ಹತ್ತಿದಾರ ಸುಡುವ ವಾಸನೆ ಗಂಗಣ್ಣನಿಗೆ ಏಳನೇ ವಯಸ್ಸಿನಿಂದ ಗೊತ್ತು. ಅವನಪ್ಪ ಮಗ್ಗದ ಮೋಟಾರಿನ ಪಕ್ಕ ಅವನನ್ನು ಕೂರಿಸಿ, "ಮೂಸ್ಲಾ, ಎಲ್ಲಿ ಸುಡ್ತದೆ ಹೇಳು" ಅನ್ನುತ್ತಿದ್ದ. ಆ ಮೂಗನ್ನು ನಂಬಿಕೊಂಡೇ ಅವನು ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ನಲವತ್ತು ವರ್ಷ ಮೆಕ್ಯಾನಿಕ್ ಅನ್ನಿಸಿಕೊಂಡದ್ದು.

ಆದರೆ ದೇವರಾಜನ ಶೆಡ್ಡಿನ ಮೂರನೇ ಮಗ್ಗ ಯಾವ ವಾಸನೆಯನ್ನೂ ಬಿಡದೆ ನಿಲ್ಲುತ್ತಿತ್ತು. ಹಸಿರು ಗುಂಡಿ ಒತ್ತಿದರೆ ಓಡುತ್ತದೆ, ಹತ್ತು ನಿಮಿಷಕ್ಕೆ ಟಪ್ಪೆಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಏನೂ ಆಗದ ಹಾಗೆ ಓಡುತ್ತದೆ. ಗಂಗಣ್ಣ ವೈರು ಬದಲಿಸಿದ, ಮೋಟಾರು ಬಿಚ್ಚಿದ. ನಾಲ್ಕನೆಯ ದಿನ ಓರಗೆಯ ಗೆಳೆಯನೂ ಆದ ಯಜಮಾನ ದೇವರಾಜ್ ತಲೆ ಕೆರೆದುಕೊಂಡು, "ಬೇಜಾರ್ ಮಾಡ್ಕೋಬೇಡ ಗಂಗಣ್ಣ. ನಿನ್ ಸೊಸೇನ ಒಂದ್ಸಲ ಕರೀಲಾ?" ಅಂದ.

ಸೊಸೆ ರೂಪ ಐಟಿಐ ಓದಿ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದಳು. ಈಚೆಗೆ ಬೀದಿಯಲ್ಲಿ ಯಾರ ಮನೆ ಪಂಪು ಕೆಟ್ಟರೂ "ರೂಪ ಇದ್ದಾಳಾ?" ಅಂತಲೇ ಬರುತ್ತಿದ್ದರು. ಬಾಗಿಲು ತೆಗೆಯುವವನು ಗಂಗಣ್ಣ. ಪ್ರತಿಸಲವೂ ಹೊಟ್ಟೆಗೆ ಕಿಚ್ಚಿಟ್ಟ ಹಾಗಾಗುತ್ತಿತ್ತು. ಈ ಶೆಡ್ಡೂ ಅವಳದಾದರೆ ತನಗೆ ಉಳಿಯುವುದೇನು?

"ಕರ್ಸು. ನಾನ್ಯಾವ ಮಹಾ," ಅಂದ ಗಂಗಣ್ಣ.

ಬೆಳಗಿನ ಪಾಳಿ ಮುಗಿಸಿ ರೂಪ ಸೀದಾ ಶೆಡ್ಡಿಗೆ ಬಂದಳು. "ಏನೇನ್ ನೋಡಿದ್ರಿ ಮಾವ?" ಅಂತ ಮೊದಲು ಅವನನ್ನೇ ಕೇಳಿದಳು.

"ಓದಿದೋಳಲ್ವಾ, ನೀನೇ ನೋಡು."

ಅವಳು ಮಗ್ಗ ಓಡಿಸಿ, ಗೋಡೆಯ ಸ್ಟಾರ್ಟರ್ ಪೆಟ್ಟಿಗೆಯನ್ನು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದಳು. ಮಗ್ಗ ನಿಂತಿತು. ಮತ್ತೆ ಓಡಿಸಿ ತಟ್ಟಿದಳು. ಮತ್ತೆ ನಿಂತಿತು. ಇಷ್ಟು ಸಣ್ಣದು ತನಗೇಕೆ ಹೊಳೆಯಲಿಲ್ಲ ಎಂದು ಗಂಗಣ್ಣ ಹಲ್ಲು ಕಚ್ಚಿದ. ಅವಳಿಗೂ ಸಿಗದಿರಲಿ ಎಂದು ದೇವರಲ್ಲಿ ಬೇಡಿಕೊಂಡ.

ಮೇನ್ ಆರಿಸಿ, ಟೆಸ್ಟರ್ ಇಟ್ಟು ನೋಡಿ, ರೂಪ ಮುಚ್ಚಳ ಬಿಚ್ಚಿದಳು. ಕರೆಂಟು ಹಾಯುವಾಗ ಒಂದನ್ನೊಂದು ಮುಟ್ಟಬೇಕಾದ ಪುಟ್ಟ ಪಾಯಿಂಟುಗಳ ನಡುವೆ ಕೆಂಪು ಪುಡಿ. ಮುಚ್ಚಳದ ಒಳಮೈಯಲ್ಲಿ ಒಣಗಿ ಹಕ್ಕಳೆ ಎದ್ದು, ಮಗ್ಗದ ಅದುರಿಗೆ ಉದುರುತ್ತಿದ್ದ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಎಲ್ಲರೂ ಬೊಟ್ಟಿಡುವುದು ಪೆಟ್ಟಿಗೆಯ ಮೇಲೆ. ಶಕ್ತಿ ಇರುವುದು ಒಳಗೆ ಎಂದು ಮುಚ್ಚಳ ತೆಗೆದು ಇಡುವವನು ಊರಿಗೆಲ್ಲ ಗಂಗಣ್ಣನೊಬ್ಬನೇ.

ರೂಪ ಒಂದು ಕ್ಷಣ ಅವನನ್ನು ನೋಡಿದಳು. ಬೊಟ್ಟನ್ನೂ ಪುಡಿಯನ್ನೂ ಒರೆಸಿ, ಪಾಯಿಂಟುಗಳನ್ನು ಶುಚಿ ಮಾಡಿ, ಕೆಂಪಾದ ಬಟ್ಟೆಯನ್ನು ಮಡಿಚಿ ಚೀಲಕ್ಕೆ ತುರುಕಿದಳು. ಮಗ್ಗ ಓಡಿತು. ಎಷ್ಟು ತಟ್ಟಿದರೂ ನಿಲ್ಲಲಿಲ್ಲ.

"ಏನಮ್ಮಾ ಆಗಿತ್ತು?" ದೇವರಾಜ್ ಕೇಳಿದ.

"ಧೂಳು ಅಂಕಲ್. ಮಗ್ಗದ ಮನೇಲಿ ಇದ್ದಿದ್ದೇ."

ಅವಳು ಆಡಿಕೊಂಡಿದ್ದರೆ ಗಂಗಣ್ಣ ತಡೆದುಕೊಳ್ಳುತ್ತಿದ್ದ. ಗೆದ್ದದ್ದೂ ಅವಳೇ, ಮಾನ ಉಳಿಸಿದ್ದೂ ಅವಳೇ. ಎರಡರಲ್ಲಿ ಒಂದನ್ನಾದರೂ ತನಗೆ ಬಿಡಬಾರದಿತ್ತೇ?

"ಧೂಳಲ್ಲ ಕಣೋ," ಅಂದುಬಿಟ್ಟ. "ಕುಂಕುಮ. ನಾನೇ ಒಳಗಿಟ್ಟಿದ್ದು."

ದೇವರಾಜ್ ಹೊಟ್ಟೆ ಹಿಡಿದು ನಕ್ಕ. "ದೇವ್ರನ್ನ ಒಳಗ್ ಕೂರ್ಸಿ ಮಗ್ಗ ನಿಲ್ಲಿಸ್ಬಿಟ್ಯಲ್ಲೋ ಗುರು! ಇನ್ಮೇಲೆ ಮುಚ್ಚಳ ತೆಗೆಯೋದು ರೂಪಾನೇ, ಆಯ್ತಾ?"

"ಆಯ್ತು," ಅಂದ ಗಂಗಣ್ಣ.

ರೂಪ ಸಾಮಾನು ಎತ್ತಿಡತೊಡಗಿದಳು. ಗಂಟೆ ನಾಲ್ಕು, ಪಾಳಿಯಿಂದ ಸೀದಾ ಬಂದ ಅವಳು ಇನ್ನೂ ಉಂಡಿರಲಿಲ್ಲ. ಗಂಗಣ್ಣ ಹೊರಗೆ ಹೋದ. ತಿರುಗಿ ಬಂದಾಗ ಕೈಯಲ್ಲಿ ಹೋಟೆಲಿನ ಚಿತ್ರಾನ್ನದ ಪೊಟ್ಟಣವಿತ್ತು. ಸ್ಟೂಲು ಎಳೆದು, ಎಲೆ ಬಿಚ್ಚಿ, ಸೊಸೆಯ ಕೈಗೆ ಕೊಟ್ಟ.