ಕೊಡ ಹೊತ್ತವಳ ಕಣ್ಣು

ಹೊನ್ನಾಳಿಯಲ್ಲಿ ನಮ್ಮದು ಮಣ್ಣಿನ ಗಣಪತಿ ಮಾಡುವ ಮನೆ. ಎಂಬತ್ಮೂರರಲ್ಲಿ ನಾನು ದಾವಣಗೆರೆಗೆ ಹೋಗಿ ಫೈಬರ್ ಕೆಲಸ ಕಲಿತು ಬಂದೆ. ಮೊದಲು ಜೇಡಿಮಣ್ಣಿನಲ್ಲಿ ಗೊಂಬೆ, ಅದರ ಮೇಲೆ ಪ್ಲಾಸ್ಟರಿನ ಅಚ್ಚು, ಅಚ್ಚಿನೊಳಗೆ ಗಾಜಿನ ನಾರಿನ ಚಾಪೆ ಹಾಸಿ ರೆಸಿನ್ ಎಂಬ ಅಂಟು ಬಳಿಯುವುದು. ಗಟ್ಟಿಯಾದ ಮೇಲೆ ಅಚ್ಚು ಒಡೆದರೆ ಆಳೆತ್ತರದ ಮೂರ್ತಿಯನ್ನು ಇಬ್ಬರೇ ಎತ್ತಬಹುದು. ಮಳೆಗೆ ಕರಗದು, ಬಿಸಿಲಿಗೆ ಬಿರಿಯದು. ಒಳಗೆ ಮಾತ್ರ ಟೊಳ್ಳು.

ಮರುವರ್ಷ ನ್ಯಾಮತಿಯ ಪಂಚಾಯ್ತಿ ಮೆಂಬರ್ ಷಣ್ಮುಖಪ್ಪನವರು ಬಸ್ ಸ್ಟ್ಯಾಂಡಿನ ಎದುರು ನಿಲ್ಲಿಸಲು ಕೊಡ ಹೊತ್ತ ಹೆಂಗಸಿನ ಮೂರ್ತಿ ಕೇಳಿದರು. ಮುಖಕ್ಕಾಗಿ ನಾನು ಹೆಚ್ಚು ಹುಡುಕಲಿಲ್ಲ. ನನ್ನ ಹೆಂಡತಿ ಕಸ್ತೂರಮ್ಮನನ್ನೇ ಎದುರು ಕೂರಿಸಿಕೊಂಡು ಮಣ್ಣು ಮೆತ್ತಿದೆ.

"ಕಂಡೋರೆಲ್ಲ ನನ್ನ ನೋಡಾಕೆ ನೀವೇ ಬೀದ್ಯಾಗೆ ನಿಲ್ಲಸ್ತೀರಲ್ರೀ" ಎಂದು ನಕ್ಕಳು.

ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ. ಕಣ್ಣು ಬರೆಯುವುದು ಕೊನೆಗೆ. ಬರೆಯುವಾಗ ಮೂರ್ತಿಯ ಎದುರು ಕನ್ನಡಿ ಹಿಡಿಯಬೇಕು. ಅದರ ಮೊದಲ ನೋಟ ಅದರ ಮೇಲೇ ಬೀಳಬೇಕು, ಮನುಷ್ಯರ ಮೇಲೆ ಬೀಳಬಾರದು. ನಮ್ಮಪ್ಪ ಒಂದು ವರ್ಷವೂ ಇದನ್ನು ತಪ್ಪಿಸಿದವನಲ್ಲ. ಇದು ದೇವರಲ್ಲ, ಫೈಬರ್ ಗೊಂಬೆ, ಇದಕ್ಕೇಕೆ ಕನ್ನಡಿ ಎಂದುಕೊಂಡೆ. ಕಸ್ತೂರಮ್ಮ ಬಣ್ಣದ ಡಬ್ಬಿ ಹಿಡಿದು ಎದುರಿಗೇ ನಿಂತಿದ್ದಳು. ಕಪ್ಪು ಬೊಟ್ಟು ಎರಡನ್ನೂ ಇಟ್ಟು ನಾನು ಪಕ್ಕಕ್ಕೆ ಸರಿದಾಗ ಅವಳು ರೆಪ್ಪೆ ಬಡಿಯದೆ ಸ್ವಲ್ಪ ಹೊತ್ತು ಹಾಗೇ ನಿಂತಳು. ಬಿಸಿಲು ಹೊಡೆಯಿತೇ ಎಂದು ಕೇಳಿದೆ. ಏನೂ ಇಲ್ಲ ಎಂದಳು.

ಮೂರ್ತಿ ನ್ಯಾಮತಿಗೆ ಹೋಯಿತು. ಹದಿನೈದು ದಿನ ಕಳೆದಿರಬೇಕು, ರೊಟ್ಟಿ ತಟ್ಟುತ್ತಿದ್ದ ಕಸ್ತೂರಮ್ಮ ಕೈ ನಿಲ್ಲಿಸಿ, ಷಣ್ಮುಖಪ್ಪನವರು ಬಸ್ಸಿಳಿದರು, ಉಂಗುಷ್ಟ ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದಿದ್ದಾರೆ ಎಂದಳು. ನಮ್ಮ ಮನೆಯಿಂದ ನ್ಯಾಮತಿ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಎರಡು ದಿನ ಬಿಟ್ಟು ಅವರು ಹೊನ್ನಾಳಿಗೆ ಬಂದಾಗ ಕೇಳಿದೆ. ಹೌದು, ಕಿತ್ತುಹೋಗಿತ್ತು, ನಿನಗೆ ಯಾರು ಹೇಳಿದರು ಎಂದರು. ನಾನು ಮಾತು ಮರೆಸಿದೆ.

ಮೊದಮೊದಲು ಅವಳಿಗೆ ನ್ಯಾಮತಿ ಕಾಣುತ್ತಿದ್ದುದು ಗಳಿಗೆ ಹೊತ್ತು. ಆಮೇಲೆ ಇಡೀ ಮಧ್ಯಾಹ್ನ. ದೀಪಾವಳಿಯ ಹೊತ್ತಿಗೆ ನಮ್ಮ ಮನೆ ಅವಳಿಗೆ ಕಾಣದೇ ಹೋಯಿತು. ಗೋಡೆ ಸವರಿಕೊಂಡು ನಡೆಯುತ್ತ, ಶಿವಮೊಗ್ಗದ ಬಸ್ಸು ಬಂತು, ಹೋಯಿತು ಎನ್ನುವಳು. ಅಲ್ಲಿ ಮಳೆ ಹಿಡಿದರೆ ಇಲ್ಲಿ ಒಣ ಅಂಗಳದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುವಳು. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಕಣ್ಣು ಸರಿಯಾಗಿದೆ ಎಂದರು.

ಆ ಮೂರ್ತಿಯ ಕಣ್ಣು ಮುಚ್ಚಿಸಿದರೆ ಇವಳ ದೃಷ್ಟಿ ಇವಳಿಗೆ ತಿರುಗಿ ಬಂದೀತು. ಇಲ್ಲವೇ ಇದ್ದದ್ದೂ ಹೋಗಿ ಪೂರಾ ಕುರುಡಾದಾಳು. ಯಾವುದೆಂದು ಹೇಳುವವರಿರಲಿಲ್ಲ. ಒಂದು ತಿಂಗಳು ನನ್ನ ಕೈ ಏಳಲಿಲ್ಲ. ಕೊನೆಗೆ ಅವಳೇ ಹೇಳಿದಳು.

"ಮುಚ್ಚಿ ಬನ್ರಿ. ಕತ್ತಲಾದ್ರೆ ಆಗ್ಲಿ. ನಮ್ಮನೆ ಕತ್ತಲಾಗೆ ಇರ್ತೀನಿ. ಅಲ್ಲಿ ನಿಂತು ನಿಂತು ಕಾಲು ಬಿದ್ದೋಗ್ಯಾವೆ."

ಪಕ್ಕದ ಮನೆಯ ಚೌಡಮ್ಮನನ್ನು ಅವಳ ಜೊತೆ ಕೂರಿಸಿ ಮೊದಲ ಬಸ್ಸಿಗೇ ಹೊರಟೆ. ನ್ಯಾಮತಿಯಲ್ಲಿ ಮೂರ್ತಿ ನಿಂತ ಎತ್ತರದ ಕಟ್ಟೆಗೆ ಏಣಿ ಹಾಕಿದಾಗ, ಬಣ್ಣ ಹೊಡೆಯಲು ಬಂದಿದ್ದಾನೆಂದು ಜನ ಸುಮ್ಮನಿದ್ದರು. ಆ ಮುಖದ ಹತ್ತಿರ ಹೋದೆ. ಕಸ್ತೂರಮ್ಮ ನನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿತ್ತು. ಗಾಜಿನ ಚಾಪೆಯ ಎರಡು ತುಂಡು ಕಣ್ಣಿನ ಮೇಲಿಟ್ಟು ರೆಸಿನ್ ಬಳಿದೆ. ಮೂರ್ತಿಯೊಳಗೆ ಯಾರೋ ಉಸಿರೆಳೆದುಕೊಂಡಂತಾಯಿತು. ಗಟ್ಟಿಯಾಗುವ ತನಕ ಕಾಯ್ದು ಇಳಿದೆ.

ಮನೆಗೆ ಬಂದಾಗ ಕಸ್ತೂರಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಚೌಡಮ್ಮ ಬಾಗಿಲಲ್ಲೇ ಹೇಳಿದಳು.

"ಕಣ್ಣು ಬಂದಾವಣ್ಣ. 'ನಮ್ಮೋರು ಏಣಿ ಹತ್ತಿದ್ರು, ಗಡ್ಡ ಬಿಟ್ಟಾರೆ' ಅಂದ್ಳು. ಗಳಿಗೆ ಬಿಟ್ಟು ನನ್ನ ಕಡೆ ತಿರುಗಿ, ಹೊಸ ಸೀರೆ ಯಾರು ಕೊಡ್ಸಿದ್ರೇ ಅಂತಾಳೆ."

ಒಳಗೆ ಹೋಗಿ ಅವಳ ಎದುರು ನಿಂತೆ. ಮೊರ, ಒಲೆ, ಚೌಡಮ್ಮ, ಬಾಗಿಲಾಚೆಯ ಬೀದಿ, ಎಲ್ಲದರ ಮೇಲೂ ಅವಳ ಕಣ್ಣು ಆಡಿತು. ನನ್ನ ಮೇಲೆ ನಿಲ್ಲಲಿಲ್ಲ.

"ಇನ್ನೂ ಬರ್ಲಿಲ್ಲ ನೋಡು ಇವ್ರು" ಎಂದು ಚೌಡಮ್ಮನಿಗೆ ಹೇಳಿದಳು.

ಆ ಮೂರ್ತಿ ಕೊನೆಗೆ ಕಂಡದ್ದು ನನ್ನ ಮುಖ. ಅದನ್ನು ಅಲ್ಲೇ, ಅದರ ಕಣ್ಣೊಳಗೇ ಮುಚ್ಚಿ ಬಂದಿದ್ದೆ.

ನಾನು ಮಾತಾಡಿದರೆ ಅವಳಿಗೆ ಕೇಳುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಇಷ್ಟು ವರ್ಷವಾಯಿತು, ಈಗಲೂ ನಾನು ಉಣ್ಣಲು ಕೂತು, ಇಲ್ಲಿದ್ದೇನೆ ಎಂದ ಮೇಲೆಯೇ ಅವಳು ತಟ್ಟೆಯನ್ನು ಆ ಕಡೆಗೆ ಸರಿಸುತ್ತಾಳೆ.